ಗಿಡ್ಡ ಮೋಟಾರಿನ ಮಗ್ಗಲ ಸೀಟು

ಸ್ಕೂಟರ್ ಮ್ಯಾಲೆ ಗಂಡ ಹೆಂಡ್ತಿ ಅಂಟಿಕೊಂಡು ಹೊಂಟಿದ್ದು ಕಂಡ್ರ ನನಗ ಈ ವಯಸ್ಸಿನ್ಯಾಗೂ ಒಂದೀಟು ಹೊಟ್ಟೆಕಿಚ್ಚು ಆಗತೈತಿ. ನಗಬ್ಯಾಡ್ರಿ. ನನ್ನ ಸಲುವಾಗಿ ಅಲ್ಲ ಅದು. ನನ್ನ ಗಂಡ ಸೈಕಲ್ ಸೈತ ನೆಟ್ಟಗ ಹೊಡೀತಿದ್ದಿಲ್ಲ, ಅವರ ಹಿಂದ ಕುಂದ್ರೋ ಆಸೆ ನನಗೆಂದೂ ಬರಲಿಲ್ಲ. ಕಿಚ್ಚು ನನ್ನ ನೆಗೆಣ್ಣಿ ಗಂಗಕ್ಕನ ಸಲುವಾಗಿ.

ಗಂಗಕ್ಕ ನಮ್ಮ ಭಾವನ ಹೆಂಡ್ತಿ. ಭಾವ ಅಂದ್ರ ನನ್ನ ಗಂಡನ ಅಣ್ಣ. ಸಿಂಧನೂರಾಗ ನಮ್ಮದು ಹತ್ತಿ ವ್ಯಾಪಾರದ ತುಂಬಿದ ಮನಿ. ನಿಜಾಮನ ಮ್ಯಾಲೆ ಪೊಲೀಸ್ ಆಕ್ಷನ್ ಆದ ಮರುವರ್ಷ ಲಿಂಗಸುಗೂರಿನ ಒಬ್ಬ ಸಾಹೇಬ್ರು ಇದ್ದದ್ದೆಲ್ಲ ಮಾರಿ ಹೈದರಾಬಾದಿಗೆ ಹೊಂಟ್ರು. ಅವರ ಕೊಟ್ಟಿಗ್ಯಾಗ ಒಂದು ಮೋಟಾರು ಕೋಳಿಗೂಡಾಗಿ ಬಿದ್ದಿತ್ತು. ಯುದ್ಧಕ್ಕ ಮೊದಲು ಒಬ್ಬ ಇಂಗ್ರೇಜಿ ಇಂಜಿನಿಯರ್ ವಿಲಾಯತಿಯಿಂದ ತರಿಸಿದ್ದಂತ. ತಾ ಹೋಗುವಾಗ ಸಾಹೇಬ್ರಿಗೆ ಕೊಟ್ಟು ಹೋಗಿದ್ದ. ಭಾವ ಅದನ್ನ ಕೊಂಡು, ಎತ್ತು ಕಟ್ಟಿ ನಡುದಾರಿ ಮಸ್ಕಿತನಕ ಎಳಿಸಿಕೊಂಡು ಬಂದ್ರು.

ಮಸ್ಕ್ಯಾಗ ಹತ್ತಿ ಗಿರಣಿ ಫಿಟ್ಟರ್ ಮೌಲಾಸಾಬ್ ಇಂಜಿನ್ ಬಿಚ್ಚಿದ. ಮ್ಯಾಲಿನ ತಗಡು ತಗದ್ರ ಒಳಗ ಪೂರಾ ಕಟ್ಟಿಗಿ ಚೌಕಟ್ಟು. ಇಂಗ್ಲಂಡದಾಗ ಆಗ ಓಟದ ಮೋಟಾರಿನ ಮೈ ಹಂಗೇ ಮಾಡ್ತಿದ್ರಂತ. ಗೆದ್ದಲು ತಿಂದದ್ದನ್ನೆಲ್ಲ ತಗದು ನಮ್ಮ ಬಂಡಿ ಮಾಡೋ ಬಡಿಗೇರ ಕಾಳಪ್ಪ ಜಾಲಿ ಕಟ್ಟಿಗಿ ಕೂಡಿಸಿದ. ಸೈಕಲಿಗೆ ಇದ್ದಂಗ ತಂತಿ ಗಾಲಿ, ಮೊಣಕಾಲೆತ್ತರದ ಬಾಗಿಲು, ಉದ್ದನ್ನ ಮೂಗು, ಹಸರು ಬಣ್ಣ. ಸಿಂಧನೂರಿಗೆ ಬಂದ ದಿನ ಕುಂಕುಮ ಹಚ್ಚಿ ಕಾಯಿ ಒಡದ್ವಿ. ಮಂದಿ ಅದಕ್ಕ ಗಿಡ್ಡ ಮೋಟಾರು ಅಂತ ಹೆಸರಿಟ್ರು.

ಎಲ್ಲಾ ಚಂದ ಇತ್ತು, ಸೀಟು ಮಾತ್ರ ಎರಡು. ಅದನ್ನ ಮಾಡಿದ ಪುಣ್ಯಾತ್ಮಗ ಅತ್ತಿ-ಮಾವ ಇದ್ದಿಲ್ಲ ಅಂತ ಕಾಣ್ತೈತಿ. ಹೊಡಿಯಾವ್ರು ಭಾವ. ಮಗ್ಗಲ ಸೀಟು ಯಾರದು? ಮಾವನವರದು. ಅವರು ಬ್ಯಾಡಂದ್ರ ಅತ್ತಿಯವರದು. ಅವರೂ ಒಲ್ಲೆ ಅಂದ್ರ ಮನಿಗೆ ಬಂದ ಬೀಗರದು. ಹಿರೇರ ಎದುರು ಗಂಡನ ಕೂಡ ಮಾತಾಡಿದ್ರನೇ ನಾಚಿಕಿಗೇಡಿ ಅನಸ್ಕೋತಿದ್ದ ಕಾಲ; ಹಾಡಹಗಲ ಬಜಾರದಾಗ ಮಗ್ಗಲ ಕುಂತು ಹೋಗಾದು ಎಲ್ಲಿ ಮಾತು? ರೊಟ್ಟಿ ಬಡಿಯುವಾಗ ಗಂಗಕ್ಕ ನನಗೊಬ್ಬಾಕಿಗೆ ಹೇಳತಿದ್ಲು, "ಒಮ್ಮಿ ಅವರ ಮಗ್ಗಲ ಕುಂತು ಮಸ್ಕಿತನಕ ಹೋಗಿಬರಬೇಕು ನೋಡು ತಂಗಿ. ಅಷ್ಟಾದ್ರ ಸಾಕು ನನಗ."

ಭಾವಗೂ ಆ ಆಸೆ ಇತ್ತು ಅನಸ್ತೈತಿ. ಬಾಯಿಬಿಟ್ಟು ಹೇಳಾಕ ಆಗಲಾರದಕ್ಕ ಒಂದು ಉಪಾಯ ಮಾಡಿದ್ರು. ಹಿಂದಿನ ಪೆಟ್ರೋಲ್ ಟಾಕಿ ಮ್ಯಾಲೆ ಕಾಳಪ್ಪನ ಕಡಿಂದ ಒಂದು ಹಲಗಿ ಕೂಡಿಸಿ, ಬೀಳದಂಗ ಕಟಾಂಜನ ಹಚ್ಚಿಸಿದ್ರು. ಹೆಣ್ಣುಮಕ್ಕಳು ಅಲ್ಲಿ. ಹಿಂದ ಭಾರಾಗಿ ಮೋಟಾರು ಮೂಗೆತ್ತಿ ಮುಗಿಲು ನೋಡಿಕೋಂತ ಹೋಗಾದು. ಆ ಇಂಜಿನಿಯರ್ ಕಂಡಿದ್ರ ಎದಿ ಒಡಕೊಂತಿದ್ದ. ಗಂಗಕ್ಕ ವರ್ಷಗಟ್ಟಲೆ ಆ ಹಲಗಿ ಮ್ಯಾಲೆ ಅತ್ತಿಯವರ ಕೂಡ ಕುಂತು ಗಂಡನ ರುಮಾಲಿನ ಹಿಂಭಾಗ ನೋಡಿಕೋಂತ ತಿರುಗಿದ್ಲು.

ಆಮ್ಯಾಲೆ ಆಕಿಗೆ ಹೊಟ್ಟಿಬ್ಯಾನಿ ಬಂತು. ಊರ ಡಾಕ್ಟರು ಲಗೂನ ಲಿಂಗಸುಗೂರಿನ ದವಾಖಾನಿಗೆ ಒಯ್ರಿ ಅಂದ್ರು. ಹಲಗಿ ಮ್ಯಾಲೆ ಕುಂದ್ರು ಶಕ್ತಿ ಇದ್ದಿಲ್ಲ. ಅತ್ತಿಯವರೇ ಅಂದ್ರು, "ಮುಂದ ಕೂಡಿಸ್ರಿ." ಅಂಗಳದಾಗ ಅಷ್ಟು ಮಂದಿ ಇದ್ರು, ಯಾರೂ ತಪ್ಪು ಅನ್ನಲಿಲ್ಲ. ಸೆರಗು ಬಾಗಿಲಿಗೆ ಸಿಗದಂಗ ನಾನೇ ಒಳಗ ಸೇರಿಸಿದೆ. ಅಂಥಾ ಬ್ಯಾನ್ಯಾಗೂ ಗಂಗಕ್ಕ ನನ್ನ ಕಡೆ ನೋಡಿ ನಕ್ಲು. ಹೋದಾಕಿ ತಿರುಗಿ ಬರಲಿಲ್ಲ. ಆವತ್ತು ನಾ ಅತ್ತಷ್ಟು ನನ್ನ ಹಡದವ್ವ ಹೋದಾಗಲೂ ಅತ್ತಿಲ್ಲ.

ಅಲ್ಲಿಂದ ಭಾವ ಮೋಟಾರು ಮುಟ್ಟಲಿಲ್ಲ. ಏಕೀಕರಣ ಆದ ವರ್ಷ ರಾಯಚೂರಿನವರೊಬ್ರು ಕೊಳ್ಳಾಕ ಬಂದ್ರು. ಅವರು ಅಂಗಳದಾಗ ಮೋಟಾರು ನೋಡಾಕತ್ತಿದ್ರು, ಪಡಸಾಲ್ಯಾಗ ಭಾವ ನನ್ನ ಗಂಡನ ಮುಂದ ಬಾಯಿಬಿಟ್ರು. "ಊರು ದಾಟಿದ ಕೂಡ್ಲೆ ಆಕಿ ಸಾವಕಾಶ ಹೊಡೀರಿ ಅಂದ್ಲು. ಕುಲುಕಾಟಕ್ಕ ಬ್ಯಾನಿ ಆಗಾಕತ್ತೈತಿ ಅಂತ ತಿಳದೆ. ಆದ್ರೂ ಲಗೂನ ಮುಟ್ಟಲಿ ಅಂತ ಜೋರ ಹೊಡದೆ. ಆಕಿನ್ನ ಎಷ್ಟು ನೋಯಿಸಿದೆನೋ ತಮ್ಮಾ."

ಭಾವನ ಕೂಡ ನೇರ ಮಾತಾಡೋ ರೂಢಿ ನಮ್ಮಲ್ಲಿ ಇದ್ದಿಲ್ಲ. ಆವತ್ತು ತಡಕೊಳ್ಳಾಕ ಆಗಲಿಲ್ಲ. ಬಾಗಿಲ ಮರಿಗೆ ನಿಂತು ಅಂದೆ, "ಬ್ಯಾನಿಗಲ್ಲರಿ ಅದು. ನಿಮ್ಮ ಮಗ್ಗಲ ಕುಂತಿದ್ಲಲ್ರಿ, ದಾರಿ ಲಗೂ ಮುಗೀಬಾರದು ಅಂತ ಅಂದಾಳ."

ಭಾವ ಎದ್ದು ಅಂಗಳಕ್ಕ ಹೋಗಿ, ಮೋಟಾರು ಕೊಡಾದಿಲ್ಲರಿ ಅಂದ್ರು. ಕೊಳ್ಳಾಕ ಬಂದವರು ಚಹಾ ಕುಡದು ಹಂಗೇ ಹೋದ್ರು. ಮರುದಿನ ಕಾಳಪ್ಪ ಬಂದು ಹಲಗಿ ಕಿತ್ತ. ಮೌಲಾಸಾಬ್ ಮಸ್ಕಿಯಿಂದ ಬಂದು ಇಂಜಿನ್ ಚಾಲೂ ಮಾಡಿದ. ಮೋಟಾರು ವಿಲಾಯತಿಯಿಂದ ಬಂದಾಗ ಇದ್ದಂಗ ಎರಡು ಸೀಟಿನದಾತು.

ಆಮ್ಯಾಲೆ ಭಾವ ದಿನಾ ಸಂಜಿಕ ಒಬ್ಬರೇ ಮಸ್ಕಿ ದಾರಿ ಹಿಡೀತಿದ್ರು. ಎತ್ತಿನ ಬಂಡಿ ಅವರನ್ನ ದಾಟಿ ಮುಂದ ಹೋಗ್ತಿದ್ವು. ಓಟದ ಮೋಟಾರಿಗೆ ಏನು ರೋಗ ಬಂತ್ರಿ ಅಂತ ಬಂಡಿಯವರು ನಗತಿದ್ರು. ಮೋಟಾರಿಗೇನೂ ಆಗಿದ್ದಿಲ್ಲ. ಭಾವ ಹೆಂಡ್ತಿ ಮಾತು ಕೇಳಾಕತ್ತಿದ್ರು. ನಮ್ಮ ಮನಿ ಗಂಡಸರಿಗೆ ಅಂಥಾ ಮಾತು ಕಿವಿಗೆ ಮುಟ್ಟೋದು ಒಂದೀಟು ತಡ.