ತಲೆಯೆತ್ತದೆ ಅಂದ ಹೂಂ

ಮಾತಾಡುವಾಗ ಎದುರಿಗಿದ್ದವರು ಪುಸ್ತಕದಿಂದ ತಲೆಯೆತ್ತದೆ ‘ಹೂಂ’ ಅಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಹನೂರಿನಲ್ಲಿ ಟೀಚರಾಗಿದ್ದಾಗ ಹಾಗೆ ಅಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಪಾಪ, ಅವು ನಿಂತದ್ದು ತಮ್ಮ ತಪ್ಪಿಗಲ್ಲ.

ನಮ್ಮದು ಮಧುವನಹಳ್ಳಿ ಕಡೆಯ ರೇಷ್ಮೆ ಸಾಕುವ ಮನೆ. ನಡುಮನೆಯೆಲ್ಲ ಹುಳುವಿನ ತಟ್ಟೆಗಳಿಗೆ, ನಾವು ಮಲಗುವುದು ಜಗಲಿಯಲ್ಲಿ. ಬೆಳೆ ಕೈಗೆ ಬರುವ ವಾರ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ, ಘಾಟಿಗೆ ಹುಳು ಕೆಡುತ್ತದೆಂದು. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ, ತಲೆಯೆತ್ತಿ ಅತ್ತಿತ್ತ ಆಡಿಸುವ ಹುಳು ಹಣ್ಣಾಯಿತು ಎಂದು ಲೆಕ್ಕ. ಅಂಥದ್ದನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರಿನ ದಬ್ಬೆಯನ್ನು ಸುರುಳಿ ಸುತ್ತಿ ಕೂರಿಸಿದ ಚಾಪೆ. ಹಸಿ ಹುಳು ಬಿಟ್ಟರೆ ಅದು ಗೂಡು ಕಟ್ಟದೆ ಅಲೆದಾಡಿ ಸಾಯುತ್ತದೆ. ಹಣ್ಣಾದದ್ದು ತಟ್ಟೆಯಲ್ಲೇ ಉಳಿದರೆ ಸೊಪ್ಪಿನ ಮೇಲೆ ನೂಲು ಚೆಲ್ಲಿಕೊಂಡು ಕೂರುತ್ತದೆ. ಪೂರಾ ಕಣ್ಣಿನ ಕೆಲಸ. ಅವ್ವನ ಕಣ್ಣಿಗೆ ನಮ್ಮೂರಲ್ಲಿ ಸಾಟಿಯೇ ಇರಲಿಲ್ಲ. ಅಕ್ಕಪಕ್ಕದವರು ಕರೆದುಕೊಂಡು ಹೋಗಿ ತಮ್ಮ ತಟ್ಟೆಗಳನ್ನು ತೋರಿಸುತ್ತಿದ್ದರು. ಓದು ಬರಹವಿಲ್ಲದ ಅವಳಿಗೆ ಊರಲ್ಲಿ ಇದ್ದ ಮರ್ಯಾದೆ ಅದೊಂದೇ.

ನಾನು ಆಗ ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ. ತಟ್ಟೆಯ ಪಕ್ಕ ಕೂತು ತೊಡೆಯ ಮೇಲೆ ಭೂಗೋಳದ ಪುಸ್ತಕ ಹರಡಿಕೊಳ್ಳುತ್ತಿದ್ದೆ. ಕೈ ಹುಳು ಆರಿಸುತ್ತಿತ್ತು, ಕಣ್ಣು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿ ಹಿಗ್ಗುತ್ತಿದ್ದ. ನನಗೂ ಜಂಬ ಕಡಿಮೆಯಿರಲಿಲ್ಲ. ಒಟ್ಟಿಗೆ ಎರಡು ಕೆಲಸ ಮಾಡಬಲ್ಲ ಜಾಣೆ ನಾನೊಬ್ಬಳೇ ಎಂದುಕೊಂಡಿದ್ದೆ.

ಅದೇ ವರ್ಷ ಅಪ್ಪ ಕೊಳ್ಳೇಗಾಲದಿಂದ ಒಂದು ಟ್ರಾನ್ಸಿಸ್ಟರ್ ತಂದ. ತಂದದ್ದು ವಾರ್ತೆ ಕೇಳಲು. ಅದಕ್ಕೆ ಅಂಟಿಕೊಂಡವಳು ಅವ್ವ. ಅವಳ ತವರು ತಮಿಳುನಾಡಿನ ಗಡಿಯ ಗೋಪಿನಾಥಂ, ತಮಿಳು ಹಾಡೆಂದರೆ ಅವಳಿಗೆ ಪ್ರಾಣ. ತಟ್ಟೆಯನ್ನು ಅದರ ಪಕ್ಕಕ್ಕೇ ಎಳೆದುಕೊಳ್ಳತೊಡಗಿದಳು. ಆಗಾಗ ಒಂದು ಹುಳುವನ್ನು ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿ, ಹಣ್ಣಾಗಿದೆಯಾ ನೋಡು ಅನ್ನುತ್ತಿದ್ದಳು. ಹೂಂ ಅನ್ನುತ್ತಿದ್ದೆ. ಊರಿಗೆಲ್ಲ ಹುಳು ಆರಿಸಿಕೊಡುವ ಹೆಂಗಸು ನನ್ನನ್ನೇಕೆ ಕೇಳುತ್ತಾಳೆ ಎಂದು ಒಮ್ಮೆಯಾದರೂ ಅನ್ನಿಸಬೇಡವೇ? ಅನ್ನಿಸಲಿಲ್ಲ. ಹೊಸಿಲು ದಾಟುವಾಗ ಅವಳ ಕಾಲು ತಡವುತ್ತಿತ್ತು. ಬಾಗಿಲ ಮುಂದೆ ರಂಗೋಲಿ ಬಿಡುವುದನ್ನು ನಿಲ್ಲಿಸಿದಳು. ಅದನ್ನು ನನಗೆ ಬಿಟ್ಟುಕೊಟ್ಟಳೆಂದು ಹಿಗ್ಗಿದೆನೇ ಹೊರತು ಬೇರೇನೂ ಯೋಚಿಸಲಿಲ್ಲ. ಮಂಕು ಮುಂಡೇದು ನಾನು.

ಆ ಸಲದ ಚಂದ್ರಿಕೆಗಳಲ್ಲಿ ಅರ್ಧಕ್ಕರ್ಧ ಗೂಡೇ ಇರಲಿಲ್ಲ. ಬಿದಿರಿನ ಸಂದಿಯಲ್ಲಿ ಹಸಿ ಹುಳುಗಳು ಸತ್ತು ಕಪ್ಪಾಗಿ ನಾರುತ್ತಿದ್ದವು. ಅಪ್ಪ ಅವ್ವನ ಮುಂದೆ ಬಂದು ನಿಂತ.

‘ಗ್ಯಾನ ಎಲ್ ಮಡ್ಗಿದ್ದೆ? ಉಳದ್ ಮ್ಯಾಲೋ, ರೇಡಿಯೋ ಮ್ಯಾಲೋ?’

ಕೇಳಿದ್ದು ಅವ್ವನನ್ನು. ಮಾತಾಡಿದವಳು ನಾನು. ಅವ್ವ ದಿನವೂ ಹಾಡು ಕೇಳುತ್ತಲೇ ಹುಳು ಆರಿಸುತ್ತಿದ್ದಳೆಂದು ಸಾಕ್ಷಿ ಹೇಳಿದೆ. ಅದು ಸುಳ್ಳೂ ಆಗಿರಲಿಲ್ಲ. ಅಪ್ಪ ಟ್ರಾನ್ಸಿಸ್ಟರನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅವ್ವನಿಗೆ ಸರಿಯಾಗಿ ಉಳಿದದ್ದು ಕಿವಿಯೊಂದೇ. ನಾವಿಬ್ಬರೂ ಸೇರಿ ಅದಕ್ಕಿದ್ದ ಸುಖವನ್ನೂ ಕಿತ್ತುಕೊಂಡೆವು. ಊರವರು ಅವಳನ್ನು ತಟ್ಟೆ ನೋಡಲು ಕರೆಯುವುದನ್ನೂ ಬಿಟ್ಟರು.

ಮಾರನೆಯ ವರ್ಷ ಅವಳು ಅನ್ನ ಬಸಿಯುವಾಗ ಗಂಜಿಯನ್ನು ಕಾಲ ಮೇಲೆ ಸುರಿದುಕೊಂಡಳು. ಆಮೇಲೆ ನಮಗೆ ಅನುಮಾನ ಬಂತು. ಯಳಂದೂರಿನಲ್ಲಿ ಕಣ್ಣಿನ ಡಾಕ್ಟರು ಬರುತ್ತಾರೆಂದು ಕೇಳಿ ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋದೆ. ಅವರು ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಇದು ಪೊರೆಯಲ್ಲ, ತೆಗೆದುಹಾಕಲು. ಒಳಗಿನ ನರವೇ ಒಣಗಿದೆ ಅಂದರು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣು ಹೋಗುತ್ತಿದೆ, ಒಂದು ವರ್ಷದ ಮುಂಚೆ ಬಂದಿದ್ದರೆ ಬಲಗಣ್ಣನ್ನಾದರೂ ಉಳಿಸಬಹುದಿತ್ತು ಅಂದರು. ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ನನ್ನನ್ನು ಕೇಳಿದರು. ಅವ್ವ ನಮಗೆ ಹೇಳಲೇ ಇಲ್ಲ ಸಾರ್, ಅಂದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದಾಗ ಅವ್ವ ನನ್ನ ಕೈ ಹುಡುಕಿ ಹಿಡಿದುಕೊಂಡಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

‘ಯೋಳಿದ್ನಲ್ಲ ಮಗಾ. ಉಳ ಆರಿಸ್ತಾ ನಿನ್ ಕೂಟೇ ಯೋಳ್ದೆ, ಎಡಗಣ್ಣು ಏನೂ ಕಾಣಾಕಿಲ್ಲ, ಬಲಗಣ್ಣೂ ಮಸುಕು ಅಂತ. ನೀನು ಊಂ ಅಂದೆ. ಅಪ್ಪನ್ ಕೂಟೆ ಯೋಳ್ತಾಳೆ ಅನ್ಕಂಡು ಸುಮ್ನಾದೆ.’

ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆನಪನ್ನೆಲ್ಲ ಕೆದಕಿದೆ. ಆಮೇಲೂ ಕೆದಕಿದ್ದೇನೆ. ಆ ಮಾತು ಇಲ್ಲ. ಅವಳು ಹೇಳಿದಳು, ನಾನು ಹೂಂ ಅಂದೆ, ನನ್ನೊಳಗೆ ಅದರ ಗುರುತೇ ಇಲ್ಲ. ಆ ವಾರ ಓದಿದ ಪಾಠ ಮಾತ್ರ ಇವತ್ತಿಗೂ ಬಾಯಿಪಾಠ: ನರ್ಮದೆ, ತಪತಿ ಪಡುವಣಕ್ಕೆ ಹರಿಯುತ್ತವೆ, ಪರ್ಯಾಯ ದ್ವೀಪದ ಮಿಕ್ಕ ದೊಡ್ಡ ನದಿಗಳು ಮೂಡಣಕ್ಕೆ. ಪರೀಕ್ಷೆಗೆ ಆ ಪ್ರಶ್ನೆಯೇ ಬಂದಿತ್ತು. ಚೆನ್ನಾಗಿಯೇ ಬರೆದೆ.

ಮನೆಗೆ ಬಂದಾಗ ಡಾಕ್ಟರು ಏನಂದರೆಂದು ಅಪ್ಪ ಕೇಳಿದ. ನರ ಒಣಗಿದೆಯಂತೆ ಎಂದಷ್ಟೇ ಹೇಳಿದೆ. ಅವ್ವ ಪಕ್ಕದಲ್ಲೇ ಕೂತಿದ್ದಳು, ಹಿಂದಿನ ವರ್ಷವೇ ನನಗೆ ಹೇಳಿದ್ದನ್ನು ಅವಳೂ ಎತ್ತಲಿಲ್ಲ. ಆ ಬೆಳೆ ಹಾಳಾದದ್ದು ರೇಡಿಯೋದಿಂದ ಎಂದು ನಂಬಿಕೊಂಡೇ ಅಪ್ಪ ಸತ್ತ. ಬೀಗದ ಕೈ ಆಗಲೂ ಅವನ ಉಡಿದಾರದಲ್ಲೇ ಇತ್ತು.