ಡಿಕಾಕ್ಷನ್ ಕುಡಿದ ಶೂ

ಬ್ಯಾಲೆ ಕಲಿಯುವವರು ನಾಲ್ಕೈದು ವರ್ಷಕ್ಕೇ ಶುರುಮಾಡುತ್ತಾರೆ. ನಾನು ಶುರುಮಾಡಿದ್ದು ಇಪ್ಪತ್ಮೂರಕ್ಕೆ, ಈ ಶತಮಾನ ಇನ್ನೂ ಹೊಸದಾಗಿದ್ದಾಗ, ಮೈಸೂರಿನಿಂದ ಕಡಲಾಚೆಯ ಹ್ಯಾಮಿಲ್ಟನ್‌ಗೆ ಓದಲು ಬಂದ ಮೇಲೆ. ಮೊದಲ ದಿನ ಹಾಲ್‌ನಲ್ಲಿದ್ದ ಚಿಳ್ಳೆಪಿಳ್ಳೆಗಳೆಲ್ಲ ನನ್ನನ್ನೇ ಟೀಚರ್ ಅಂದುಕೊಂಡು ಸಾಲಾಗಿ ನಿಂತವು. ನಾನೂ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದು ಕ್ಷಣ ಗತ್ತು ಅನುಭವಿಸಿದೆ.

ನಿಜವಾದ ಟೀಚರ್ ಬಂದು ಬಿದ್ದು ಬಿದ್ದು ನಕ್ಕರು. ಲಂಡನ್ನಿನಿಂದ ಬಂದ ಕಪ್ಪು ಮಹಿಳೆ. ಅವರೂ ನನ್ನ ಹಾಗೆ ತಡವಾಗಿ ಕಲಿತು, ರಾಜಕುಮಾರಿಯಿಂದ ಜಾಹೀರಾತಿನ ಟೂತ್‌ಬ್ರಷ್‌ವರೆಗೆ ಸಿಕ್ಕ ಪಾತ್ರವೆಲ್ಲ ಕುಣಿದವರು. "ಏನು ಕೇಳಿದರೂ ಹೂಂ ಅನ್ನು. ಆಮೇಲೆ ಕಲಿತುಕೊ" ಎನ್ನುತ್ತಿದ್ದರು.

ತುದಿಗಾಲ ಮೇಲೆ ನಿಲ್ಲುವ ಶೂ ಅಂಗಡಿಯಲ್ಲಿ ಸಿಗುತ್ತಿದ್ದುದು ತಿಳಿ ಗುಲಾಬಿಯಲ್ಲಿ ಮಾತ್ರ. ಡಬ್ಬಿಯ ಮೇಲೆ 'ಚರ್ಮದ ಬಣ್ಣ' ಎಂದಿತ್ತು. ಯಾರ ಚರ್ಮ ಎಂದಿರಲಿಲ್ಲ. ಕಾಲು, ಶೂ ಒಂದೇ ಬಣ್ಣವಿದ್ದರೆ ಕಾಲು ಉದ್ದ ಕಾಣುತ್ತದೆ. ನನ್ನದು ಪಾದದ ಹತ್ತಿರ ಕತ್ತರಿಸಿದಂತಿತ್ತು. ಟೀಚರ್ ಕಂದು ಮೇಕಪ್ಪನ್ನು ಸ್ಪಂಜಿನಿಂದ ಶೂಗೆ ತಟ್ಟಿಕೊಳ್ಳುತ್ತಿದ್ದರು. "ನಿನ್ನ ಬಣ್ಣ ನೀನೇ ಹುಡುಕಿಕೊ" ಎಂದರು. ಊರಲ್ಲಿ ಸೋದರತ್ತೆ ನನ್ನನ್ನು ಕರೆಯುತ್ತಿದ್ದುದೇ 'ಹಾಲು ಹಾಕದ ಕಾಫಿ' ಎಂದು. ಹುಡುಕುವುದೇನು ಬಂತು!

ಊರೂರು ಸುತ್ತುವ ನೃತ್ಯತಂಡವೊಂದು ಕಲಾವಿದರನ್ನು ಆರಿಸುತ್ತಿತ್ತು. ಅದು ಸಿಗದಿದ್ದರೆ ಕುಣಿತ ಬಿಟ್ಟು ಹಾಲು ಪರೀಕ್ಷೆಯ ಲ್ಯಾಬ್ ಸೇರುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಆಯ್ಕೆಯ ಹಿಂದಿನ ದಿನ ಗಟ್ಟಿ ಡಿಕಾಕ್ಷನ್ ಇಳಿಸಿದೆ. ಸ್ಪಂಜಿನಲ್ಲಿ ತಟ್ಟುತ್ತ ಕೂರುವ ತಾಳ್ಮೆ ಯಾರಿಗಿದೆ? ದೋಸೆಗೆ ಅಕ್ಕಿ ನೆನೆಹಾಕುವಂತೆ ಶೂಗಳನ್ನು ಪಾತ್ರೆಯಲ್ಲಿ ಮುಳುಗಿಸಿಬಿಟ್ಟೆ.

"ಏನವಾ ಇದು, ಕಾಲಿಗೂ ಕಾಫಿ ಕುಡಸಾಕ್ಹತ್ತೀಯೇನ?" ಎಂದಳು ಹುಬ್ಬಳ್ಳಿಯ ಫ್ಲಾಟ್‌ಮೇಟ್.

ಬಣ್ಣ ಅಮೋಘವಾಗಿ ಬಂತು. ಆದರೆ ಆ ಶೂಗಳ ಮೂತಿ ಗಟ್ಟಿಯಿರುವುದು ಅಂಟು ಮತ್ತು ಕಾಗದದಿಂದ. ಬೆಳಿಗ್ಗೆ ಅವು ಕಾಫಿಯಲ್ಲಿ ಅದ್ದಿ ಮರೆತ ರಸ್ಕ್ ಆಗಿದ್ದವು. ಫ್ಲಾಟ್‌ಮೇಟ್ ಕಾರಿನ ಹೀಟರ್ ಮುಂದೆ ಹಿಡಿದು ಒಣಗಿಸಿದರೂ ಮೂತಿ ಮೇಲೇಳಲಿಲ್ಲ.

"ಇಲ್ಲಿ ಯಾರು ಕಾಫಿ ತಂದಿರೋದು?" ಎಂದರು ಆರಿಸಲು ಕೂತಿದ್ದ ಹೆಂಗಸು, ಮೂಗರಳಿಸಿ.

ನಾನು ಕಾಲೆತ್ತಿ ತೋರಿಸಿದೆ. ಶೂ ಕಿತ್ತು ಪಕ್ಕಕ್ಕಿಟ್ಟು ಪಾದ ಮುಂದೆ ಚಾಚಿದೆ. "ಇದೂ ಚರ್ಮದ ಬಣ್ಣದ್ದೇ. ಅಳತೆಗೂ ಸರಿಯಾಗಿದೆ" ಎಂದು ಬರಿಗಾಲಲ್ಲಿ ಕುಣಿದೆ.

ಅವರು ನಗುತ್ತಲೇ ವಿಚಾರಿಸಿದರು. "ಹಾಡ್ತೀಯಾ?"

"ಹೂಂ."

"ಲಾಗ ಹಾಕ್ತೀಯಾ?"

"ಹೂಂ."

"ಹಸು ಆಗ್ತೀಯಾ?"

ಅದಕ್ಕೂ ಹೂಂ ಎಂದೆ. ಕೆಲಸ ಸಿಕ್ಕಿತು. ಮುಂದೆ ಮಾಟಗಾತಿ, ಹಿಮ, ವಿಧವೆ, ಒಮ್ಮೆ ಯೂಟ್ ಎಂಬ ತೆರೆದ ಸಾಮಾನುಗಾಡಿಯ ಜಾಹೀರಾತಿನಲ್ಲಿ ಕುರಿ, ಎಲ್ಲ ಆದೆ. ಆದರೆ ಮೊದಲ ಪಾತ್ರ ಮಕ್ಕಳ ನಾಟಕದಲ್ಲಿ ಇಬ್ಬರು ಸೇರಿ ಆಗುವ ಹಸು, ಅದರಲ್ಲೂ ಹಿಂಭಾಗ.

"ಗೋವಲ್ವಾ, ಒಳ್ಳೇದೇ ಬಿಡು" ಎಂದರು ಅಮ್ಮ ಫೋನಿನಲ್ಲಿ.

ಮೊದಲ ಪ್ರದರ್ಶನಕ್ಕೆ ಮುಂಚೆ ಹೊಸ ಶೂಗೆ ಹತ್ತಿಯಿಂದ ಡಿಕಾಕ್ಷನ್ ತಟ್ಟುತ್ತ ಕೂತಿದ್ದೆ, ಈ ಸಲ ತಾಳ್ಮೆಯಿಂದ. ಹಸುವಿನ ಮುಂಭಾಗವಾಗಿದ್ದ ಹುಡುಗ ಕಣ್ಣರಳಿಸಿದ. "ಅದರ ಮೇಲೆ ಗೊರಸು ಹಾಕ್ಕೋತೀಯಲ್ಲ. ಯಾರಿಗೆ ಕಾಣುತ್ತೆ?"

ಯಾರಿಗೂ ಕಾಣಲಿಲ್ಲ. ಗೊರಸು ತೊಡುವ ಮೊದಲು ಎದ್ದು ತುದಿಗಾಲ ಮೇಲೆ ನಿಂತೆ. ಎದುರಿನ ಕನ್ನಡಿಯಲ್ಲಿ ಸೊಂಟದಿಂದ ನೆಲದವರೆಗೆ ನನ್ನ ಕಾಲು ಒಂದೇ ಬಣ್ಣದಲ್ಲಿ ಇಳಿದಿತ್ತು. ಅಷ್ಟು ಉದ್ದ ಇದೆಯೆಂದು ನನಗೇ ಗೊತ್ತಿರಲಿಲ್ಲ.