ಗೇಲೆನ್ ಸ್ಟ್ರಾಂಡ್ ಆಯಿಲ್ ಬದಲಿಸಿದ್ದು

ಉತ್ತರ ಡಕೋಟದ ನಮ್ಮ ಊರಿನಲ್ಲಿ ಗಂಡಸಿನ ಯೋಗ್ಯತೆ ಅಳೆಯಲು ಎರಡೇ ಪರೀಕ್ಷೆ. ಮನೆ ಮುಂದಿನ ಹಿಮ ತಳ್ಳಲು ಆಳು ಕರೆಯಬಾರದು, ಪಿಕಪ್ ಟ್ರಕ್ಕಿನ ಆಯಿಲ್ ಬದಲಿಸಲು ರಿಪೇರಿ ಅಂಗಡಿಗೆ ಹೋಗಬಾರದು. ನನ್ನ ಪಕ್ಕದ ಮನೆಯ ಗೇಲೆನ್ ಸ್ಟ್ರಾಂಡ್ ಎರಡರಲ್ಲೂ ಕಳಂಕವಿಲ್ಲದ ಪುರುಷೋತ್ತಮ. ಮೂವತ್ತೆಂಟು ವರ್ಷ ಗೋಧಿಯ ಉಗ್ರಾಣದಲ್ಲಿ ದುಡಿದು ನಿವೃತ್ತನಾದವನು. ಮೂರು ಟ್ರಕ್ಕುಗಳನ್ನು ತುಕ್ಕು ಹಿಡಿದು ಉದುರುವವರೆಗೆ ಓಡಿಸಿದ್ದಾನೆ, ನಾಲ್ಕನೆಯದನ್ನು ಓಡಿಸುತ್ತಿದ್ದಾನೆ. ಒಂದಕ್ಕೂ ಪರಪುರುಷನ ಕೈ ಸೋಕಿಲ್ಲ.

ಈ ಪಾತಿವ್ರತ್ಯಕ್ಕೆ ಕುತ್ತು ಬಂದದ್ದು ಅವನ ಹೆಂಡತಿ ವರ್ನಾ ಮನೆ ಮುಂದೆ ಹೊಸ ಕಾಂಕ್ರೀಟ್ ಹಾಕಿಸಿದ ಮೇಲೆ. ಹಾಲಿನಂಥ ಬಿಳುಪು. ಅಂಚೆಯವನೂ ಹುಲ್ಲಿನ ಮೇಲೆ ನಡೆದು ಬರುತ್ತಿದ್ದ. ಮೇ ತಿಂಗಳ ಒಂದು ಶನಿವಾರ ಗೇಲೆನ್ ಆಯಿಲ್ ಬದಲಿಸಲೆಂದು ಟ್ರಕ್ಕಿನ ಮುಂದಿನ ಚಕ್ರಗಳನ್ನು ಏರುಹಲಗೆಗೆ ಹತ್ತಿಸಿದಾಗ ವರ್ನಾ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು.

"ಮಾಡ್ಕೋ, ಬೇಡ ಅನ್ನಲ್ಲ. ಆದ್ರೆ ಒಂದು ತೊಟ್ಟು ಬಿತ್ತೋ, ಇನ್ಮುಂದೆ ಟ್ರಕ್ಕು ಅಂಗಡಿಗೆ ಹೋಗುತ್ತೆ. ನಾನೇ ಓಡಿಸ್ಕೊಂಡು ಹೋಗ್ತೀನಿ. ಹಾಡಹಗಲಲ್ಲಿ, ಪೇಟೆ ಬೀದೀಲಿ."

ಗೇಲೆನ್ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನು ಸೀಳಿ ರಣರಂಗಕ್ಕೆ ಹಾಸಿದ. ನಮ್ಮಲ್ಲಿ ಯಾರಾದರೂ ಬಾನೆಟ್ ಎತ್ತಿದರೆ ಅಕ್ಕಪಕ್ಕದ ಗಂಡಸರು ಕಾಫಿ ಲೋಟ ಹಿಡಿದು ಬಂದು ನಿಲ್ಲಲೇಬೇಕು. ಸಾವಿಗೆ ಹೋಗದಿದ್ದರೂ ನಡೆದೀತು. ನಾನು ಮಡಚುವ ಕುರ್ಚಿಯನ್ನೇ ತಂದೆ. ಎದುರುಮನೆಯ ಆರ್ಲೋ ಬಂದ. ಬಂದವರನ್ನು ಮಾತಾಡಿಸದೆ ಕೆಲಸ ಮಾಡುವುದು ಇಲ್ಲಿ ಅಸಭ್ಯತನ. ಆದ್ದರಿಂದ ಗೇಲೆನ್ ಟ್ರಕ್ಕಿನಡಿ ಅಂಗಾತ ಮಲಗಿಕೊಂಡೇ ಪ್ರವಚನ ಆರಂಭಿಸಿದ.

ಹಳೆಯ ಆಯಿಲ್ ಕಪ್ಪಗೆ, ವಿಧೇಯವಾಗಿ ಕೆಳಗಿಟ್ಟಿದ್ದ ಬಾಣಲೆಗೆ ಇಳಿಯಿತು. ಒಂದು ತೊಟ್ಟೂ ಆಚೆ ಹೋಗಲಿಲ್ಲ. ಫಿಲ್ಟರ್ ತಿರುಗಿಸಿ ತೆಗೆಯುವ ಹೊತ್ತಿಗೆ ಪ್ರವಚನ ಅಂಗಡಿಯವರ ಅಜ್ಞಾನದ ಅಧ್ಯಾಯಕ್ಕೆ ಬಂದಿತ್ತು. ಆ ಹುಡುಗರು ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಕೂಡ ನೋಡುವುದಿಲ್ಲವಂತೆ. ಅದರ ಮೇಲೆಯೇ ಹೊಸದನ್ನು ಬಿಗಿದು, ಆಯಿಲೆಲ್ಲ ಸೋರಿಸಿ ಎಂಜಿನ್ ಕೊಲ್ಲುತ್ತಾರಂತೆ. ಹೀಗೆನ್ನುತ್ತಾ ಅವನು ಹೊಸ ಫಿಲ್ಟರನ್ನು ಬಿಗಿದ. ಆರ್ಲೋ ತಲೆದೂಗಿದ. ನಾನೂ ದೂಗಿದೆ. ಎಂಜಿನ್ನಿನ ಕಡೆ ಮೂವರಲ್ಲಿ ಒಬ್ಬರೂ ನೋಡಲಿಲ್ಲ.

ಆರು ಡಬ್ಬಿ ಹೊಸ ಆಯಿಲ್ ಸುರಿದು, ಸಿಂಹಾಸನವೇರುವ ಗತ್ತಿನಲ್ಲಿ ಕುಳಿತು ಚಾವಿ ತಿರುಗಿಸಿದ. ಎಂಜಿನ್ ಗುಡುಗಿತು. ಮರುಗಳಿಗೆಯೇ ಟ್ರಕ್ಕಿನ ಹೊಟ್ಟೆಯಿಂದ ಹೊನ್ನಿನ ಬಣ್ಣದ ಜಲಪಾತ ಧುಮುಕಿತು. ಗೇಲೆನ್ ಚಾವಿ ಹಿಂದಕ್ಕೆ ತಿರುಗಿಸುವಷ್ಟರಲ್ಲಿ ರಟ್ಟು ಕುಡಿಯುವಷ್ಟು ಕುಡಿದು ಶರಣಾಗಿತ್ತು. ಉಳಿದದ್ದು ಬಿಳಿ ಕಾಂಕ್ರೀಟಿನ ಇಳಿಜಾರು ಹಿಡಿದು, ಬೇರೇನೂ ಅವಸರವಿಲ್ಲದಂತೆ, ರಸ್ತೆಯತ್ತ ಹೊರಟಿತು. ಆರ್ಲೋಗೆ ತನ್ನ ಮನೆಯಲ್ಲಿ ಯಾವುದೋ ತುರ್ತು ಕೆಲಸ ನೆನಪಾಯಿತು. ನಾನು ಬೆಕ್ಕಿನ ಕಕ್ಕಸಿನ ತಟ್ಟೆಗೆ ಹಾಕುವ, ಪಸೆ ಹೀರುವ ಮಣ್ಣಿನ ಚೀಲ ತಂದು ಸುರಿದೆ. ಸಮುದ್ರಕ್ಕೆ ಸೇತುವೆ ಕಟ್ಟಿದ ಅಳಿಲಿನ ಸೇವೆ ಅದಕ್ಕಿಂತ ದೊಡ್ಡದು.

ವರ್ನಾ ಬಂದಳು. ಬೈಯಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಅಡಿಗೆಯ ಏಪ್ರನ್ ಬಿಚ್ಚಿಟ್ಟು, ಟ್ರಕ್ಕಿನಡಿ ತೂರಿ, ಫಿಲ್ಟರ್ ಬಿಚ್ಚಿ, ಎಂಜಿನ್ನಿಗಂಟಿದ್ದ ಹಳೆಯ ಬಳೆಯನ್ನು ಉಗುರಿನಿಂದ ಎಬ್ಬಿಸಿ ಗಂಡನ ಅಂಗೈಯಲ್ಲಿಟ್ಟಳು.

"ನಿನಗೆ ಇದು ಹೇಗೆ ಗೊತ್ತು?" ಎಂದ ಗೇಲೆನ್.

"ಅಪ್ಪನ ಟ್ರ್ಯಾಕ್ಟರಿಗೆ ಹನ್ನೆರಡನೇ ವಯಸ್ಸಿಂದ ನಾನೇ ಮಾಡ್ತಿದ್ದೆ. ನಲವತ್ತು ವರ್ಷದಲ್ಲಿ ನೀನು ಕೇಳ್ಲಿಲ್ಲ."

ಗೇಲೆನ್, ಅಂಗಡಿಗೆ ಯಾವತ್ತು ಹೋಗುವುದು ಎಂದು ಕೇಳಿದ. ನೇಣಿನ ದಿನ ವಿಚಾರಿಸುವ ದನಿ.

"ಅಂಗಡಿಯವರ್ಯಾಕೆ? ಇನ್ಮೇಲೆ ಕೆಳಗೆ ನಾನು ಮಲಗ್ತೀನಿ. ನೀನು ಟಾರ್ಚ್ ಹಿಡಿ. ಬಾಯಿ ಮುಚ್ಕೊಂಡು ಹಿಡೀಬೇಕು, ಅಷ್ಟೇ."

ಸೆಪ್ಟೆಂಬರಿನಲ್ಲಿ ಮತ್ತೆ ಬಾನೆಟ್ ಎದ್ದಿತು. ನಾವು ಕಾಫಿಯೊಂದಿಗೆ ಹಾಜರಾದೆವು. ಟ್ರಕ್ಕಿನ ಶೀಲ ಉಳಿದಿತ್ತು. ಗೇಲೆನ್ ಟಾರ್ಚ್ ಹಿಡಿದು ಇಪ್ಪತ್ತು ನಿಮಿಷ ತುಟಿ ಬಿಚ್ಚದೆ ನಿಂತಿದ್ದ. ಇದಕ್ಕಿಂತ ಅಂಗಡಿಯೇ ವಾಸಿಯಿತ್ತು ಎಂದು ಅವನ ಮುಖ ಕೂಗಿ ಹೇಳುತ್ತಿತ್ತು.